ಜೇಬು ನೋಡಿದ್ಯಾ?

ಫೆಬ್ರವರಿ 3, ಸೋಮವಾರ

ಹಲ್ಲಿನ ಡಾಕ್ಟರ ಬಿಳಿ ಕೋಟಿನ ಜೇಬಿನಲ್ಲಿ ಇವತ್ತು ಒಂದು ಕ್ಯಾಸೆಟ್ ಸಿಕ್ಕಿತು. ಜೇಬು ನೋಡದೆ ಬಟ್ಟೆಯನ್ನು ನೀರಿಗೆ ಹಾಕಬೇಡ ಎಂದು ಈ ಲಾಂಡ್ರಿ ಶುರುವಾದ ದಿನದಿಂದ ಬಾಯಿ ಬಡಿದುಕೊಳ್ಳುತ್ತಿದ್ದೇನೆ. ದೊಡ್ಡವನು ಇವತ್ತೂ ನೋಡಿರಲಿಲ್ಲ. ಯಂತ್ರದ ಬಾಯಿಂದ ಕೋಟನ್ನು ನಾನೇ ಎಳೆದುಕೊಂಡೆ. ಇಲ್ಲದಿದ್ದರೆ ಆ ಕ್ಯಾಸೆಟ್ಟಿನ ಕರುಳೆಲ್ಲ ಹೊರಬಂದು ಇಡೀ ಹೊರೆ ಬಟ್ಟೆಗೆ ಸುತ್ತಿಕೊಳ್ಳುತ್ತಿತ್ತು. ಮಗನಿಗೆ ಮೀಸೆ ಬಂದು, ಅದು ನರೆಯುವ ಕಾಲವೂ ಬಂತು. ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿದೆ.

ಸೊಸೆ ಹಾಸಿಗೆ ಹಿಡಿದಿದ್ದಾಳೆ. ಹೆರಿಗೆ ಆಗುವ ತನಕ ಏಳಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದಾರೆ. ಮಗ ವ್ಯಾನು ಹತ್ತಿ ಹೋಟೆಲು, ಆಸ್ಪತ್ರೆ ಸುತ್ತುತ್ತಾನೆ. ಗಲ್ಲಾ, ಗಿರಾಕಿ, ಸ್ಟೀಮ್ ಪ್ರೆಸ್ಸು ಎಲ್ಲ ನನ್ನ ತಲೆಯ ಮೇಲೆ. ಅಂಗಡಿಯಲ್ಲಿ ಬೈಯಲು ಕೂಡ ಒಂದು ಜೀವ ಇಲ್ಲ. ಅದಕ್ಕೇ ಸಾಬೂನು ಕಂಪನಿಯವರು ಕೊಟ್ಟ ಈ ಡೈರಿಯಲ್ಲಿ ಬರೆಯುತ್ತಿದ್ದೇನೆ.

ಜೇಬಿನಲ್ಲಿ ಸಿಕ್ಕಿದ್ದನ್ನು ಡಬ್ಬಿಗೆ ಹಾಕಿ, ಗಿರಾಕಿ ಬಂದಾಗ ಕೈಗೆ ಕೊಡುವುದು ನಮ್ಮ ರೀತಿ. ಓದುವುದಿಲ್ಲ, ಮೂಸುವುದಿಲ್ಲ, ಎಣಿಸುವುದಿಲ್ಲ. ಆದರೆ ಕ್ಯಾಸೆಟ್ಟಿಗೆ ನೀರು ತಗುಲಿ ಕೆಟ್ಟಿದೆಯೋ ಏನೋ ಎಂದು ನೋಡುವುದು ಅಂಗಡಿಯವರ ಧರ್ಮ. ಅಷ್ಟಕ್ಕೆ ಮಾತ್ರ, ಕಪಾಟಿನ ಮೇಲಿದ್ದ ಹಳೇ ಟೇಪ್ ರೆಕಾರ್ಡರಿನ ಧೂಳು ಹೊಡೆದು ಹಾಕಿದೆ.

ಮೊದಲು ಒಂದು ಶಟರು ಎತ್ತಿದ ಸದ್ದು. ಅರ್ಧಕ್ಕೆ ಸಿಕ್ಕಿಕೊಂಡು, ಒಂದು ಒದೆ ತಿಂದು, ಮೇಲೆ ಹೋಯಿತು. ಲೋಕದಲ್ಲಿ ಹಾಗೆ ಒದೆ ತಿಂದು ಮೇಲೆ ಹೋಗುವುದು ಒಂದೇ ಶಟರು, ಅದು ನಮ್ಮದು. ಆಮೇಲೆ ಸ್ಟೀಮ್ ಪ್ರೆಸ್ಸಿನ ಬುಸ್. ಬುಸ್, ಟಕ್, ಬುಸ್, ಟಕ್. ಅದರ ಮೇಲೆ ಒಬ್ಬ ಹೆಂಗಸಿನ ಗದರಿಕೆ: "ಜೇಬು ನೋಡಿದ್ಯಾ? ಜೇ, ಜೇ, ಜೇಬು ನೋಡಿದ್ಯಾ?"

ಅದು ನಾನು.

ಆರಿಸಿಬಿಟ್ಟೆ. ಕ್ಯಾಸೆಟ್ಟಿನ ಹೊದಿಕೆ ತಿರುಗಿಸಿ ನೋಡಿದೆ. ಜೆರಾಕ್ಸ್ ಕಾಗದ, ಕೈಯಲ್ಲಿ ಬರೆದ ಒಂದು ಇಸ್ತ್ರಿಪೆಟ್ಟಿಗೆಯ ಚಿತ್ರ, ಕೆಳಗೆ ಹಾಡಿದವಳ ಹೆಸರು: ಇಸ್ತ್ರಿ.

ಚಿಕ್ಕವಳ, ನನ್ನ ಮಗಳ ಕೆಲಸ. ಇಸ್ತ್ರಿ ಅಂತೆ! ಒಂದು ಕಾಲರನ್ನು ನೆಟ್ಟಗೆ ಇಸ್ತ್ರಿ ಮಾಡಲು ಅವಳಿಗೆ ಎಂದೂ ಬರಲಿಲ್ಲ.

ಫೆಬ್ರವರಿ 4, ಮಂಗಳವಾರ

ಮಗನನ್ನು ಕೇಳಿದೆ. "ನಿನ್ನ ತಂಗಿ ಕ್ಯಾಸೆಟ್ ಮಾಡಿದ್ದಾಳೆ. ನಿನಗೆ ಗೊತ್ತಿತ್ತಾ?"

ಅವನು ಚಾವಣಿ ನೋಡಿದ. ಚಿಕ್ಕಂದಿನಿಂದ ಸುಳ್ಳು ಹೇಳಬೇಕಾದಾಗ ಅವನಿಗೆ ಚಾವಣಿಯೇ ಗತಿ.

"ಎಲ್ಲೋ ಕೇಳಿದ ಹಾಗಿತ್ತಮ್ಮ."

"ನನ್ನ ಧ್ವನಿ ಕದ್ದಿದ್ದಾಳೆ."

"ಕದಿಯೋದೇನು ಬಂತು? ನೀನು ಕೂಗಿದ್ರೆ ಎದುರು ಬೀದಿಗೂ ಕೇಳುತ್ತೆ."

ಇವನಿಗೂ ನಾಲಿಗೆ ಬಂದಿದೆ.

ಹೋದ ವರ್ಷ ಬೇಸಿಗೆಯಲ್ಲಿ ಅವಳು ಮನೆ ಬಿಟ್ಟಳು. ಅಂಗಡಿ ನೋಡಿಕೋ ಅಂದೆ, ಆಗುವುದಿಲ್ಲ ಅಂದಳು. ಪದ ಕಟ್ಟಬೇಕು ಅಂದಳು. ಪದ ಕಟ್ಟಿ ಹೊಟ್ಟೆ ತುಂಬಿದವರು ಯಾರಿದ್ದಾರೆ ಅಂದೆ. ಮಾತಿಗೆ ಮಾತು ಬೆಳೆದು ಹೊಸಿಲಿನವರೆಗೂ ಬಂತು. ಹೋಗುವುದಾದರೆ ಹೋಗು, ನಾನಾಗಿ ಕರೆಯುವುದಿಲ್ಲ ಅಂದೆ. ಕರೆಯುವ ತನಕ ನಾನೂ ಬರುವುದಿಲ್ಲ ಅಂದಳು. ಇಬ್ಬರೂ ಆಡಿದ ಮಾತಿಗೆ ನಿಂತಿದ್ದೇವೆ. ಈ ಮನೆಯಲ್ಲಿ ಮಾತು ಅಂದರೆ ಮಾತು.

ಫೆಬ್ರವರಿ 6, ಗುರುವಾರ

ಕ್ಯಾಸೆಟ್ಟಿನ ಮೊದಲ ಮಗ್ಗುಲು ಪೂರ್ತಿ ಕೇಳಿದೆ. ನನ್ನ ಬಗ್ಗೆ ಇನ್ನೂ ಏನೇನು ಹೇಳಿದ್ದಾಳೆ ಎಂದು ತಿಳಿದುಕೊಳ್ಳಲು, ಅಷ್ಟೇ.

ಇದಕ್ಕೆ ಹಾಡು ಅನ್ನಬಾರದು. ರಾಗ ಇಲ್ಲ. ಬಡಬಡಿಕೆ. ಮಾತು ಮುಗಿಯುವ ಮೊದಲೇ ಇನ್ನೊಂದು ಮಾತು ಅದರ ಹೆಗಲೇರುತ್ತದೆ. ಬಸ್ಸು ತಪ್ಪುತ್ತದೆ ಅನ್ನುವವರ ಹಾಗೆ ಮಾತಾಡುತ್ತಾಳೆ. ಹಿಂದೆ ಡ್ರಮ್ಮಿನ ಬದಲು ನಮ್ಮ ಒಗೆಯುವ ಯಂತ್ರ ತಿರುಗುತ್ತಿದೆ. ಅದರ ಬೇರಿಂಗು ಆಗಲೇ ಹೋಗಿತ್ತು ಎಂದು ಈಗ ಗೊತ್ತಾಗುತ್ತಿದೆ.

ಒಂದು ಕಡೆ ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳಿ ಬರೆದುಕೊಂಡೆ:

ಜೇಬು ತಿರುವು, ಜಗದ ತಿರುವು, ತಿರುವಿನಲ್ಲಿ ತಿರುಗಿ ನಿಂತೆ
ನೂಲು, ಧೂಳು, ನಿನ್ನೆ ಸೋಲು, ಸಾಲು ಸಾಲು ಬಟ್ಟೆ ಸಂತೆ

ಹೈಸ್ಕೂಲಿನಲ್ಲಿ ನನಗೆ ವ್ಯಾಕರಣದಲ್ಲಿ ತರಗತಿಗೇ ಮೊದಲ ಸ್ಥಾನ. ಕನ್ನಡ ಮೇಷ್ಟ್ರು ಲಘು ಗುರು ಹಾಕಲು ಬೋರ್ಡಿಗೆ ಕರೆಯುತ್ತಿದ್ದದ್ದು ನನ್ನನ್ನೇ. ಈ ಸಾಲುಗಳಿಗೂ ಹಾಕಿ ನೋಡಿದೆ. ಎರಡೂ ಸಾಲಿನ ಮಾತ್ರೆ ಸರಿಯಾಗಿ ಕೂತಿದೆ. ಆಕಸ್ಮಿಕ ಇರಬೇಕು.

ಫೆಬ್ರವರಿ 7, ಶುಕ್ರವಾರ

ಬರೆಯುವಂಥದ್ದು ಏನೂ ಇಲ್ಲ. ಹೋಟೆಲಿನ ಹಾಸು ಹೊದಿಕೆಗಳ ರಾಶಿ. ಸೊಸೆಗೆ ಕಾಲು ಊದಿದೆ.

ಮಾತ್ರೆ ಆಕಸ್ಮಿಕ ಅಲ್ಲ. ಬೇರೆ ಹಾಡುಗಳಿಗೂ ಹಾಕಿ ನೋಡಿದೆ.

ಫೆಬ್ರವರಿ 8, ಶನಿವಾರ

ಸ್ಟೀಮ್ ಪ್ರೆಸ್ ಒತ್ತುವಾಗ ಬುಸ್ಸಿಗೂ ಟಕ್ಕಿಗೂ ನಡುವೆ ಒಂದು ಉಸಿರು ನಿಲ್ಲುತ್ತದೆ. ಇಷ್ಟು ವರ್ಷ ಅದರ ಮುಂದೆ ನಿಂತಿದ್ದರೂ ಅದನ್ನು ಗಮನಿಸಿರಲಿಲ್ಲ. ಅವಳು ಎಲ್ಲ ಮುಖ್ಯ ಮಾತನ್ನೂ ಆ ಸಂದಿಯಲ್ಲೇ ಇಡುತ್ತಾಳೆ. ಅಲ್ಲಿ ಮಾತ್ರ ಮಾತು ಸ್ಪಷ್ಟ.

"ಎಳೆ" ಎಂಬ ಹಾಡಿನಲ್ಲಿ ಹೀಗಿದೆ: ಎಳೆ ಕೈಲಿ ಎಳೆ ಹಿಡಿದು ಎಳೆ ಎಳೆ ಅಂದ್ರು, ಎಳೆದೆ, ಇಡೀ ಬಟ್ಟೆ ಬಿಚ್ಚಿ ಬಂತು.

ಎಳೆಯ ಕೈ, ನೂಲಿನ ಎಳೆ, ಹಿಡಿದು ಎಳೆಯುವುದು. ಒಂದೇ ಪದದಿಂದ ಮೂರು ಕೆಲಸ ಮಾಡಿಸಿದ್ದಾಳೆ. ಅಂಗಡಿಯಲ್ಲಿ ಒಂದು ಕೆಲಸ ಹೇಳಿದರೆ ಅರ್ಧ ಮಾಡುತ್ತಿದ್ದವಳು. ಒಂದೇ ಪದಕ್ಕೆ ಎರಡು ಅರ್ಥ ಬಂದರೆ ಶ್ಲೇಷಾಲಂಕಾರ ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಮೂರಕ್ಕೆ ಏನನ್ನುತ್ತಾರೋ.

ನಿಜವಾಗಿ ನಡೆದದ್ದೇ ಅದು. ಚಿಕ್ಕವಳಿದ್ದಾಗ ಗಿರಾಕಿಯೊಬ್ಬರ ಸ್ವೆಟರಿನ ತೋಳಿನ ಎಳೆ ಹಿಡಿದು ಎಳೆದು ಮೊಣಕೈ ತನಕ ಬಿಚ್ಚಿದ್ದಳು. ಅಂದು ನಾನು ಬೈದದ್ದಕ್ಕೆ ಹ್ಯಾಂಗರುಗಳ ಸಾಲಿನ ಹಿಂದೆ ಹೋಗಿ ಕೂತು ಊಟಕ್ಕೂ ಬಂದಿರಲಿಲ್ಲ. ಹಾಡಿನಲ್ಲಿ ಬೈಗುಳ ಇಲ್ಲ. ಹ್ಯಾಂಗರಿನ ಸಾಲು ಇದೆ.

ಫೆಬ್ರವರಿ 10, ಸೋಮವಾರ

ಹಲ್ಲಿನ ಡಾಕ್ಟರು ಕೋಟು ತೆಗೆದುಕೊಳ್ಳಲು ಬಂದರು. ಬಂದವರೇ ಗಲ್ಲಾದ ಮೇಲೆ ಬಗ್ಗಿ ಮೆಲ್ಲಗೆ, "ಅಮ್ಮಾ, ಜೇಬಲ್ಲಿ ಒಂದು ಕ್ಯಾಸೆಟ್ ಏನಾದ್ರೂ..." ಅಂದರು.

"ಇದೆ."

"ಅಬ್ಬಾ! ಜೀವ ಬಂತು."

"ಈಗ ಕೊಡಲ್ಲ."

ಅವರು ಬಾಯಿ ತೆರೆದುಕೊಂಡು ನಿಂತರು. ದಿನವಿಡೀ ಬೇರೆಯವರಿಗೆ ಬಾಯಿ ತೆರೆ ಅನ್ನುವ ಮನುಷ್ಯ.

"ಯಾಕಮ್ಮಾ?"

"ಇನ್ನೂ ಪರೀಕ್ಷೆ ಮುಗಿದಿಲ್ಲ."

ಅಷ್ಟರಲ್ಲಿ ಮಗ ವ್ಯಾನಿನಿಂದ ಗಂಟು ಇಳಿಸಿ ಸೀದಾ ಯಂತ್ರಕ್ಕೆ ಸುರಿಯಲು ಹೋದ. ನಾನು ಇಲ್ಲಿಂದಲೇ ಕೂಗಿದೆ, "ಜೇಬು ನೋಡಿದ್ಯಾ?"

ಡಾಕ್ಟರ ಮುಖ ನೋಡಬೇಕಿತ್ತು. ಬೆರಳು ನನ್ನ ಕಡೆ ನೆಟ್ಟು, "ಅಮ್ಮಾ, ಅದು... ಅದು ನೀವಾ?" ಅಂದರು.

"ನಾನೇ. ಅವಳು ನನ್ನ ಮಗಳು."

ಆಮೇಲೆ ಅವರ ಮಾತಿಗೆ ತಡೆ ಇರಲಿಲ್ಲ. ಇದು ರ್‍ಯಾಪ್ ಅಂತೆ. ರೇಡಿಯೋದಲ್ಲಿ ಬರುವುದಿಲ್ಲವಂತೆ, ಅಂಗಡಿಯಲ್ಲಿ ಮಾರುವುದಿಲ್ಲವಂತೆ. ಹೀಗೆ ಕೆಲವೇ ಕ್ಯಾಸೆಟ್ ಮಾಡಿ ಕೈಯಿಂದ ಕೈಗೆ ದಾಟಿಸುತ್ತಾರಂತೆ. "ಒಂದು ಸಲ ಕೇಳಿದ್ರೆ ಏನೂ ತಿಳಿಯಲ್ಲಮ್ಮ. ಹತ್ತು ಸಲ ಕೇಳಿದ್ರೆ ಸ್ವಲ್ಪ ತಿಳಿಯುತ್ತೆ. ನಾನು ಹಲ್ಲು ಕೊರೆಯೋವಾಗೆಲ್ಲ ಇದನ್ನೇ ಹಾಕ್ತೀನಿ."

"ರೋಗಿಗಳು ಓಡಿ ಹೋಗಲ್ವಾ?"

"ಬಾಯಲ್ಲಿ ಹತ್ತಿ ಇರುತ್ತಲ್ಲ, ಎಲ್ಲಿ ಓಡ್ತಾರೆ?"

ನಗು ಬಂತು. ತಡೆದುಕೊಂಡೆ. ಗಿರಾಕಿಗಳ ಮುಂದೆ ನಗುವ ಅಭ್ಯಾಸ ನನಗಿಲ್ಲ.

ಅವರಿಗೆ "ತಿರುವು" ತಿಳಿದಿರಲಿಲ್ಲ. ಬೀದಿಯ ತಿರುವು ಅಂದುಕೊಂಡಿದ್ದರು. ಜೇಬನ್ನು ಒಳಗಿನಿಂದ ಹೊರಕ್ಕೆ ತಿರುವುವುದನ್ನು ಅವರ ಕೋಟಿನ ಮೇಲೇ ತೋರಿಸಿದೆ. ನನಗೆ ತಿಳಿಯದ ಒಂದನ್ನು ಅವರು ಹೇಳಿದರು. ಮೊದಲ ಹಾಡಿನ ಕೊನೆಯ ಪದವೇ ಮುಂದಿನ ಹಾಡಿನ ಮೊದಲ ಪದವಂತೆ, ಹಾಗೆ ಕೊನೆಯ ತನಕ ಕೊಂಡಿ ಇದೆಯಂತೆ. ಇದು ನನಗೆ ಹೊಳೆದಿರಲಿಲ್ಲ. ಕ್ಯಾಸೆಟ್ ಇನ್ನೂ ಸ್ವಲ್ಪ ದಿನ ಇಟ್ಟುಕೊಳ್ಳಿ ಎಂದು ಅವರೇ ಹೇಳಿ ಹೋದರು. ಕೇಳದಿದ್ದರೂ ಇಟ್ಟುಕೊಳ್ಳುತ್ತಿದ್ದೆ.

ಫೆಬ್ರವರಿ 12, ಬುಧವಾರ

ಎರಡನೇ ಮಗ್ಗುಲಿನ ಕೊನೆಯ ಹಾಡಿಗೆ "ಕರೆ" ಎಂದು ಹೆಸರು.

ನಮ್ಮ ಮನೆಯಲ್ಲಿ ಆ ಪದಕ್ಕೆ ವಿವರಣೆ ಬೇಡ. ಅಂಗಡಿಯ ಚೀಟಿಯಲ್ಲೇ ಅದಕ್ಕೊಂದು ಜಾಗ ಇದೆ: ಹೆಸರು, ಫೋನು, ಬಟ್ಟೆ, ಕರೆ. ಚಹಾದ ಕರೆ, ತುಕ್ಕಿನ ಕರೆ, ಶಾಯಿಯ ಕರೆ. ಕರೆಯ ಮೇಲೆಯೇ ಈ ಮನೆ ನಿಂತಿದೆ.

ಹಿಂದೆ ಯಾರೋ ಬಾವಿಯೊಳಗಿನಿಂದ ಮಾತಾಡುವಂತೆ ಒಂದು ಹೆಂಗಸಿನ ಧ್ವನಿ ಎಳೆದೆಳೆದು ಬರುತ್ತದೆ, ಟೇಪು ಸವೆದಿರಬೇಕು. ಅದರ ಮೇಲೆ ಚಿಕ್ಕವಳು, ಈ ಸಲ ಅವಸರವಿಲ್ಲದೆ:

ಗಾಜು ಒರೆಸಿ ಒರೆಸಿ ನೋಡ್ತೀನಿ
ಅಮ್ಮನ ಕರೆ ಇದೆಯಾ? ಅಮ್ಮನ ಕರೆ ಇದೆಯಾ?

ಆಮೇಲೆ ಅವಳ ಮಾತು ಆ ಬಾವಿಯ ಧ್ವನಿಯೊಳಗೆ ಮುಳುಗುತ್ತದೆ. "ಹೊಸಿಲಲ್ಲಿ" ಎಂಬುದೊಂದು ಕೇಳಿಸಿತು. ಉಳಿದದ್ದು ಕೇಳಿಸಲಿಲ್ಲ. ಕೇಳಬೇಕು ಅನ್ನಿಸಲೂ ಇಲ್ಲ.

ಕನ್ನಡಿ ಒರೆಸಿ ಒರೆಸಿ ನೋಡುತ್ತಾಳಂತೆ, ಅಮ್ಮನ ಕರೆ ಇನ್ನೂ ಉಳಿದಿದೆಯಾ ಎಂದು.

ಫೆಬ್ರವರಿ 13, ಗುರುವಾರ

ಕ್ಯಾಸೆಟ್ಟನ್ನು ಡಬ್ಬಿಗೆ ಹಾಕಿದೆ. ಡಾಕ್ಟರು ಬಂದರೆ ಕೊಟ್ಟು ಕೈ ತೊಳೆದುಕೊಳ್ಳುವುದು.

ಫೆಬ್ರವರಿ 15, ಶನಿವಾರ

ಡಾಕ್ಟರು ಬಂದರು. ಕ್ಯಾಸೆಟ್ ಮುಂದಿಟ್ಟೆ. ಅವರು ಮುಟ್ಟಲಿಲ್ಲ.

"ನಾಳೆ ಅಲ್ಲ, ಮುಂದಿನ ಭಾನುವಾರ ಮಧ್ಯಾಹ್ನ ಹಳೇ ಪ್ರಿಂಟಿಂಗ್ ಪ್ರೆಸ್ಸಿನ ಗೋದಾಮಲ್ಲಿ ನಿಮ್ಮ ಮಗಳ ಕಾರ್ಯಕ್ರಮ ಇದೆ ಅಮ್ಮ. ಸೋಮವಾರ ಊರೇ ಬಿಡ್ತಾಳಂತೆ. ಅವಳ ಜೊತೆ ಬಾರಿಸೋರು ಇದ್ದಾರಲ್ಲ, ಅವರೆಲ್ಲ ದೂರ ಎಲ್ಲೋ ಒಂದು ಸ್ಟುಡಿಯೋ ಹಿಡಿದಿದ್ದಾರೆ. ವಾಪಸ್ ಬರೋ ಯೋಚನೆ ಇಲ್ಲ ಅಂತ ಕೇಳಿದೆ. ನೀವು ಬರ್ತೀರಲ್ಲ?"

"ನನ್ನನ್ನು ಕರೆ ಅಂದವಳ ಹಾಡಿಗೆ ನಾನ್ಯಾಕೆ ಬರಲಿ?"

"ಕರೆ ಅಂದ್ರೆ?"

"ಬಟ್ಟೆ ಮೇಲೆ ಕೂರುತ್ತಲ್ಲ. ಕಲೆ."

ಡಾಕ್ಟರು ನೆತ್ತಿ ಕೆರೆದುಕೊಂಡರು. "ನಾನು ಹಲ್ಲಿನ ಕರೆ ಅಂದ್ಕೊಂಡಿದ್ದೆ. ಗಾಜು ಅಂದ್ರೆ ನಾವು ಬಾಯೊಳಗೆ ಹಾಕೋ ಪುಟ್ಟ ಕನ್ನಡಿ. ಅಮ್ಮನ ಹಲ್ಲಲ್ಲಿ ಕರೆ ಇದೆಯಾ ಅಂತ ಮಗಳು ಅಕ್ಕರೆಯಿಂದ ನೋಡ್ತಾಳೆ ಅಂತ..."

"ನನ್ನ ಹಲ್ಲಲ್ಲಿ ಯಾವ ಕರೆಯೂ ಇಲ್ಲ."

"ಇಲ್ಲ, ಇಲ್ಲ. ಬಹಳ ಚೆನ್ನಾಗಿವೆ."

ಕ್ಯಾಸೆಟ್ಟನ್ನು ಅಲ್ಲೇ ಬಿಟ್ಟು ಹೋದರು. ಬೇಕೆಂದೇ ಬಿಟ್ಟರೋ, ಹೆದರಿ ಮರೆತರೋ.

ಹ್ಯಾಂಗರುಗಳ ಸಾಲಿನ ಕೊನೆಯಲ್ಲಿ ಅವಳ ಬೂದು ಕೋಟು ಇನ್ನೂ ತೂಗುತ್ತಿದೆ. ಎದೆಯ ಜೇಬಿನ ಕೆಳಗೆ ಪೆನ್ನು ಕಾರಿ ಶಾಯಿಯ ಕರೆ. ಮನೆ ಬಿಡುವ ಹಿಂದಿನ ದಿನ ಅವಳೇ ಚೀಟಿ ಬರೆದು ಸಿಕ್ಕಿಸಿದ್ದು. ಮನೆಯವರ ಬಟ್ಟೆಗೂ ಚೀಟಿ ಬೇಕು ಎಂಬುದು ನನ್ನದೇ ಕಾನೂನು. ಇಷ್ಟು ದಿನ ಬಿಟ್ಟ ಬಟ್ಟೆಯನ್ನು ನಾವು ದಾನಕ್ಕೆ ಕೊಟ್ಟುಬಿಡುತ್ತೇವೆ. ಅದನ್ನು ಕೊಡಲು ನೆನಪಾಗಿರಲಿಲ್ಲ.

ಊರು ಬಿಡುವವಳಿಗೆ ಕೋಟು ಬೇಡವೇ? ಬೇಕಾದರೆ ಬಂದು ಕೇಳಲಿ.

ಫೆಬ್ರವರಿ 18, ಮಂಗಳವಾರ

ಇವತ್ತು ನಡೆದದ್ದನ್ನು ಸರಿಯಾಗಿ ಬರೆಯಬೇಕು.

ಆದ ಬಟ್ಟೆಗಳು ಸಾಲಿನಲ್ಲಿ ಹಿಡಿಸುತ್ತಿಲ್ಲ. ಗಿರಾಕಿಗಳಿಗೆ ಫೋನು ಮಾಡಿ ಬಟ್ಟೆ ಆಗಿದೆ ಎಂದು ಹೇಳುವುದು ಸೊಸೆಯ ಕೆಲಸ. ಬಟ್ಟೆ ಬೇಕಾದವರು ತಾವೇ ಬರುತ್ತಾರೆ ಎಂಬುದು ನನ್ನ ವಾದ. ಸೊಸೆ ಮಲಗಿದಲ್ಲಿಂದಲೇ, "ಅತ್ತೆ, ಇವತ್ತೊಂದು ದಿನ ನೀವು ಮಾಡಿ. ಅವರು ಬರಲ್ಲ, ಬಟ್ಟೆ ಹೋಗಲ್ಲ, ಆಮೇಲೆ ನಾವೇ ಹ್ಯಾಂಗರಿಗೆ ನೇತಾಡಬೇಕು" ಅಂದಳು. ಹೊಟ್ಟೆಯಲ್ಲಿ ಕೂಸಿಟ್ಟುಕೊಂಡು ಹೇಳಿದಳಲ್ಲ ಎಂದು ಒಪ್ಪಿದೆ.

ಕನ್ನಡಕ ಹಾಕಿಕೊಂಡು ಚೀಟಿ ನೋಡಿ ನಂಬರು ಒತ್ತಿದೆ. ಮೊದಲನೆಯವರು ಎತ್ತಿದರು. ಎರಡನೆಯವರೂ ಎತ್ತಿ, ಸೊಸೆ ಎಲ್ಲಿ, ನೀವ್ಯಾಕೆ ಗದರಿಸ್ತೀರಿ ಅಂದರು. ಮೂರನೆಯದು ಬಾಡಿಗೆ ಕಾರಿನ ಡ್ರೈವರನ ನಂಬರು. ಅಲ್ಲಿ ಮನುಷ್ಯರು ಮಾತಾಡಲಿಲ್ಲ. ಒಂದು ಹೆಂಗಸಿನ ಧ್ವನಿ, ನೀರಿನ ಹಾಗೆ ತಣ್ಣಗೆ:

"ನೀವು ಕರೆ ಮಾಡಿರುವ ಸಂಖ್ಯೆಯು ಸದ್ಯಕ್ಕೆ ಸ್ವಿಚ್ ಆಫ್ ಆಗಿದೆ."

ಯಾರೀಕೆ, ಎಲ್ಲೋ ಕೇಳಿದ ಧ್ವನಿ ಅನ್ನಿಸಿತು. ಮತ್ತೊಮ್ಮೆ ಒತ್ತಿದೆ. "ನೀವು ಕರೆ ಮಾಡಿರುವ..." ಮತ್ತೊಮ್ಮೆ. ಆ ಡ್ರೈವರು ಆಮೇಲೆ ನೋಡಿ ಏನಂದುಕೊಂಡನೋ, ಅಷ್ಟು ಸಲ ಒತ್ತಿದೆ. ಇದೇ ಧ್ವನಿ. ಬಾವಿಯೊಳಗಿನ ಹೆಂಗಸು ಇವಳೇ. ಟೇಪು ಸವೆದದ್ದಲ್ಲ. ಈ ಧ್ವನಿಯನ್ನೇ ಎಳೆದು, ಹಿಗ್ಗಿಸಿ, ಹಾಡಿನ ಕೆಳಗೆ ಹಾಸಿದ್ದಾಳೆ.

ನೀವು ಕರೆ ಮಾಡಿರುವ.

ಕರೆ.

ಫೋನಿನ ಕರೆ! ಆ ಗಾಜು ಕನ್ನಡಿಯಲ್ಲ, ಫೋನಿನ ಗಾಜು. ಒರೆಸಿ ಒರೆಸಿ ನೋಡುತ್ತಾಳೆ, ಅಮ್ಮನ ಕರೆ ಇದೆಯಾ ಎಂದು.

ನಮ್ಮಲ್ಲಿ ಯಾರೂ ಅದಕ್ಕೆ ಕರೆ ಅನ್ನುವುದಿಲ್ಲ. ಫೋನು ಬಂತು, ಫೋನು ಮಾಡು ಅನ್ನುತ್ತೇವೆ. ಕರೆ ಅಂದರೆ ಈ ಮನೆಯಲ್ಲಿ ಒಂದೇ. ಅದು ಅವಳಿಗೂ ಗೊತ್ತು. ಗೊತ್ತಿದ್ದೇ ಆ ಪದ ಹಾಕಿದ್ದಾಳೆ. ವ್ಯಾಕರಣದಲ್ಲಿ ಮೊದಲ ಸ್ಥಾನ ಬಂದವಳು ಶ್ಲೇಷೆಯನ್ನು ಎದುರಿಗಿಟ್ಟುಕೊಂಡು ಒಂದೇ ಅರ್ಥ ಹಿಡಿದು ಬಾಗಿಲು ಹಾಕಿಕೊಂಡು ಕೂತಿದ್ದೆ. ಮೇಷ್ಟ್ರು ಇದ್ದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಪ್ರೆಸ್ಸಿನಲ್ಲಿ ಮರೆತಿದ್ದ ಪ್ಯಾಂಟು ಬಿಸಿ ಹೆಚ್ಚಾಗಿ ಸ್ವಲ್ಪ ಹೊಳಪಾಯಿತು. ಗಿರಾಕಿಗೆ ಹೇಳಿ ಹೊಸದು ಕೊಡಿಸಬೇಕು.

ಫೆಬ್ರವರಿ 19, ಬುಧವಾರ

ಆ ಧ್ವನಿಯ ಮಾತು ಏನೆಂದು ತಿಳಿದ ಮೇಲೆ ಅದನ್ನು ಸರಿಸಿ ಕೆಳಗಿನದನ್ನು ಕೇಳಬಹುದು. ಕರೆ ತೆಗೆದ ಮೇಲೆ ಬಟ್ಟೆಯ ಬಣ್ಣ ಕಾಣುವ ಹಾಗೆ. ಎಲ್ಲ ಸಿಕ್ಕಿತು:

ಹೊಸಿಲಲ್ಲಿ ಅಂದದ್ದು "ಕರೆಯೋದಿಲ್ಲ ನಾನು"
ಆ ಮಾತು ಮಡಚಿ ಎದೆ ಜೇಬಲ್ಲಿ ಇಟ್ಕೊಂಡೋಳು ನಾನು
ಬಿಸಿ ಇದೆ ಅಂತ ಯಾರೂ ಮುಟ್ಟೋದಿಲ್ಲ ಇಸ್ತ್ರಿ
ಒಂದು ಕರೆ ಸಾಕು, ತಣ್ಣಗಾಗ್ತಾಳೆ ನಿನ್ನ ಪುತ್ರಿ

ಪುತ್ರಿಯಂತೆ! ಪ್ರಾಸಕ್ಕೆ ಸಿಕ್ಕಿಬಿದ್ದು ನಾಟಕದವರ ಮಾತು ತಂದಿದ್ದಾಳೆ. ಬೇರೆ ಪದ ಸಿಗಲಿಲ್ಲವೇ? ಪೂರ್ತಿ ಕ್ಯಾಸೆಟ್ಟಿನಲ್ಲಿ ಇದೊಂದೇ ಸಾಲು ಸಡಿಲ. ಯಾರಾದರೂ ಅವಳಿಗೆ ಹೇಳಬೇಕು.

ಮಗ ಸಂಜೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದವನು, "ಫೋನ್ ಮಾಡಮ್ಮ. ಭಾನುವಾರ ಆದ್ಮೇಲೆ ಅವಳು ಇಲ್ಲಿರಲ್ಲ" ಅಂದ.

"ನಾನಾಗಿ ಕರೆಯೋದಿಲ್ಲ ಅಂದಿದ್ದೀನಿ."

"ಯಾರಿಗೆ ಅಂದಿದ್ದು? ಅವಳಿಗೆ ತಾನೇ? ಅವಳೇ ಕರಿ ಅಂತಿದ್ದಾಳಲ್ಲ!"

"ಮಾತು ಅಂದ್ರೆ ಮಾತು ಕಣೋ. ಇವತ್ತು ಇದನ್ನು ಮುರಿದ್ರೆ ನಾಳೆ ನನ್ನ ಯಾವ ಮಾತಿಗೆ ಬೆಲೆ ಇರುತ್ತೆ?"

"ಸರಿ. ಬೆಲೆ ಇಟ್ಕೊಂಡು ಕೂತ್ಕೋ" ಎಂದು ಹೋದ. ಚಾವಣಿ ನೋಡಲಿಲ್ಲ, ನನ್ನನ್ನೇ ನೋಡಿ ಅಂದ.

ಊಟ ಸೇರಲಿಲ್ಲ. ಸೆಖೆ ಇರಬೇಕು.

ಫೆಬ್ರವರಿ 20, ಗುರುವಾರ

ಬೂದು ಕೋಟನ್ನು ಕೆಳಗಿಳಿಸಿದೆ. ಕೆಲಸಕ್ಕೆಂದು ಬಂದ ಬಟ್ಟೆಯನ್ನು ಕೆಲಸ ಮಾಡದೆ ನೇತುಹಾಕಿರುವುದು ಅಂಗಡಿಗೆ ಕೆಟ್ಟ ಹೆಸರು.

ಹಳೇ ಶಾಯಿ ಹಟಮಾರಿ. ಉಜ್ಜಿದರೆ ಹರಡುತ್ತದೆ. ಕೆಳಗೆ ಬಿಳಿ ಬಟ್ಟೆ ಇಟ್ಟು, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಅಂಚಿನಿಂದ ನಡುವಿಗೆ ಮೆಲ್ಲಗೆ ಒತ್ತಬೇಕು. ಕೆಳಗಿನ ಬಟ್ಟೆ ಕುಡಿದಷ್ಟೂ ಮೇಲಿನದು ತಿಳಿಯಾಗುತ್ತದೆ. ಮುಖ್ಯವಾದದ್ದು, ಕರೆ ಇರುವಾಗ ಇಸ್ತ್ರಿ ಮುಟ್ಟಿಸಬಾರದು. ಬಿಸಿ ತಗುಲಿದರೆ ಕರೆ ಕಚ್ಚಿಕೊಂಡು ಜನ್ಮಕ್ಕೂ ಬಿಡುವುದಿಲ್ಲ. ಇದನ್ನು ಅವಳಿಗೆ ನಾನೇ ಹೇಳಿಕೊಟ್ಟದ್ದು. ಅವಳು ಅದನ್ನು ಹಾಡಿನಲ್ಲಿ ಎಲ್ಲಿಗೆ ತಂದು ಕೂರಿಸಿದ್ದಾಳೆ ನೋಡು.

ಕೆಲಸ ಮಾಡುವಾಗ ಆ ಹಾಡು ಬಾಯಿಗೆ ಬಂತು. ಬೇಡ ಅಂದರೂ ಬರುತ್ತದೆ, ಮಾತ್ರೆ ಅಷ್ಟು ಗಟ್ಟಿ.

ಕಾಗೆ ಗರಿಯಷ್ಟು ಕಪ್ಪಗಿದ್ದದ್ದು ತಿಳಿ ನೀಲಿಯಾಯಿತು. ಇನ್ನೂ ಒಂದು ಸಲ ಒತ್ತಿದರೆ ಪೂರ್ತಿ ಹೋಗುತ್ತಿತ್ತು. ಸ್ಪಿರಿಟ್ಟು ಮುಗಿದಿತ್ತು. ಕಪಾಟಿನಲ್ಲಿ ಇನ್ನೊಂದು ಬಾಟಲಿ ಇದೆ, ಆದರೆ ಅದನ್ನು ಇವತ್ತೇ ಒಡೆಯಬೇಕೆಂದು ಏನೂ ಇಲ್ಲ.

ಫೆಬ್ರವರಿ 21, ಶುಕ್ರವಾರ

ಬಟ್ಟೆ ಆದ ಮೇಲೆ ಗಿರಾಕಿಗೆ ತಿಳಿಸುವುದು ಅಂಗಡಿಯ ಕೆಲಸ. ಅದಕ್ಕೂ ನಾನು ಹೊಸಿಲಲ್ಲಿ ಆಡಿದ ಮಾತಿಗೂ ಸಂಬಂಧ ಇಲ್ಲ. ಈ ವಿಷಯ ನೆನ್ನೆ ಸಂಜೆಯಿಂದ ನನಗೆ ಸ್ಪಷ್ಟವಾಗಿತ್ತು. ಆದರೂ ಗಿರಾಕಿಗಳೆಲ್ಲ ಹೋಗಲಿ ಎಂದು ಕಾದೆ.

ಕೋಟಿನ ಚೀಟಿಯಲ್ಲಿದ್ದ ನಂಬರು ಒತ್ತಿದೆ. ಆ ತಣ್ಣನೆಯ ಹೆಂಗಸು ಬರುತ್ತಾಳೇನೋ ಅಂದುಕೊಂಡಿದ್ದೆ. ಬರಲಿಲ್ಲ.

"ಹಲೋ?"

"ಲಾಂಡ್ರಿಯಿಂದ. ನಿಮ್ಮ ಕೋಟು ಆಗಿದೆ."

ಫೋನು ಕಟ್ಟಾಯಿತೇ ಎಂದು ಗಾಜು ಒರೆಸಿ ನೋಡಿದೆ.

"ಯಾವ ಕೋಟು?"

"ಬೂದು ಬಣ್ಣದ್ದು. ಎದೆ ಜೇಬಿನ ಕೆಳಗೆ ಶಾಯಿ."

"ಕರೆ ಹೋಯ್ತಾ?"

"ಪೂರ್ತಿ ಹೋಗಿಲ್ಲ. ಕರೆ ಇದೆ. ಬಂದು ನೋಡಿ ತಗೊಂಡ್ಹೋಗಿ."

"ಯಾರು ಮಾತಾಡ್ತಿರೋದು?"

"ಅಂಗಡಿ."

"ಅಂಗಡಿಗೆ ನೆಗಡಿ ಆಗಿದೆಯಾ? ಧ್ವನಿ ಒಂಥರಾ ಇದೆ."

"ಸ್ಟೀಮು."

ಅವಳು ನಕ್ಕಳೋ, ಮೂಗು ಒರೆಸಿಕೊಂಡಳೋ. ನನ್ನ ಕಿವಿಗೆ ಈಗ ಅಂಥದ್ದೆಲ್ಲ ಕೇಳಿಸುತ್ತದೆ, ಆದರೆ ಇದು ಯಾವುದೆಂದು ತಿಳಿಯಲಿಲ್ಲ.

"ನಾಳೆ ಎಷ್ಟು ಹೊತ್ತಿಗೆ ತೆಗೀತೀರಿ?"

"ಯಾವಾಗ್ಲೂ ತೆಗೆಯೋ ಹೊತ್ತಿಗೇ. ಅಷ್ಟೂ ನೆನಪಿಲ್ವಾ ನಿನಗೆ?"

ಕೊನೆಯ ಮಾತನ್ನು ಗಿರಾಕಿಗೆ ಆಡಬಾರದಿತ್ತು.

ಫೆಬ್ರವರಿ 22, ಶನಿವಾರ

ಶಟರು ಅರ್ಧಕ್ಕೆ ಸಿಕ್ಕಿಕೊಂಡಿತು. ಒದೆಯಲು ಕಾಲೆತ್ತಿದೆ. ಹೊರಗಿನಿಂದ ಯಾರೋ ನನಗಿಂತ ಮೊದಲು ಒದ್ದರು.

ಸೊರಗಿದ್ದಾಳೆ. ಕೂದಲು ಹುಡುಗರ ಹಾಗೆ ಕತ್ತರಿಸಿಕೊಂಡಿದ್ದಾಳೆ, ಚೆನ್ನಾಗಿಲ್ಲ ಎಂದು ಹೇಳುವಂತಿಲ್ಲ. ಗಲ್ಲಾದ ಆ ಕಡೆ, ಗಿರಾಕಿಗಳು ನಿಲ್ಲುವಲ್ಲೇ ನಿಂತಳು. ನಾನು ಕೋಟು ತಂದು ಮುಂದಿಟ್ಟೆ. ಕರೆಯನ್ನು ಬೆರಳಿನಿಂದ ಸವರಿ ನೋಡಿದಳು.

"ನೀನು ಮನಸ್ಸು ಮಾಡಿದ್ರೆ ಇದು ಹೋಗುತ್ತಿತ್ತು."

"ಸ್ಪಿರಿಟ್ಟು ಇರಲಿಲ್ಲ."

ಅವಳು ಕಪಾಟಿನಲ್ಲಿದ್ದ ಬಾಟಲಿಯನ್ನು ನೋಡಿದಳು. ಟೇಪ್ ರೆಕಾರ್ಡರನ್ನೂ ನೋಡಿದಳು, ಅದರೊಳಗಿದ್ದದ್ದನ್ನೂ.

"ಕೇಳಿದ್ಯಾ?"

"ಪುತ್ರಿ ಸರಿ ಇಲ್ಲ."

"ಏನು?"

"ಇಸ್ತ್ರಿಗೆ ಪುತ್ರಿ. ಎಳೆದು ತಂದ ಹಾಗಿದೆ. ಉಳಿದದ್ದರ ಮಾತ್ರೆ ಸರಿ ಇದೆ. ಎಳೆ ಅನ್ನೋದು ಬಹಳ ಸರಿ ಇದೆ."

ಅವಳು ಗಲ್ಲಾದ ಮೇಲೆ ಎರಡೂ ಮೊಣಕೈ ಊರಿ ಮುಖ ಮುಚ್ಚಿಕೊಂಡಳು. ಹೆಗಲು ಅಲುಗುತ್ತಿತ್ತು. ನಗುತ್ತಿದ್ದಾಳೆ ಅಂದುಕೊಂಡೆ. ಒಳಗಿನಿಂದ ಸೊಸೆ, "ಯಾರು ಅತ್ತೆ ಬಂದಿರೋದು?" ಅಂದಳು. "ಗಿರಾಕಿ" ಅಂದೆ. "ಅತ್ತಿಗೆ, ನಾನು!" ಎಂದು ಇವಳು ಕೂಗಿ ಒಳಗೆ ಓಡಿದಳು. ಅಲ್ಲಿ ಅವರಿಬ್ಬರ ಗಲಾಟೆಗೆ ಮಗನೂ ಸೇರಿ, ಅಂಗಡಿಯಲ್ಲಿ ಕೆಲಸ ಮಾಡುವವಳು ನಾನೊಬ್ಬಳೇ ಆದೆ.

ಸೋಮವಾರ ಹೋಗುವುದು ಹೋಗುತ್ತಾಳೆ. ಅದು ಗೊತ್ತಿದ್ದದ್ದೇ. ಸ್ಟುಡಿಯೋ ಹಿಡಿದಾಗಿದೆ, ಆಡಿದ ಮಾತಿಗೆ ತಪ್ಪುವವಳಲ್ಲ. ಯಾರ ಮಗಳು.

ಹೊರಡುವಾಗ ಕೋಟು ಹಾಕಿಕೊಂಡಳು. ಅಭ್ಯಾಸಬಲ, ಬಾಯಿಗೆ ಬಂದುಬಿಟ್ಟಿತು: "ಜೇಬು ನೋಡಿದ್ಯಾ?"

"ಇದೊಂದು ನನಗೆ ರೆಕಾರ್ಡ್ ಮಾಡ್ಕೊಳ್ಳೋಕೆ ಮತ್ತೆ ಬೇಕಿತ್ತು" ಎಂದು ನಗುತ್ತ ಎದೆಯ ಜೇಬಿಗೆ ಬೆರಳು ಹಾಕಿದವಳು ಹಾಗೇ ನಿಂತಳು. ನಮ್ಮ ಅಂಗಡಿಯಿಂದ ಹೊರಗೆ ಹೋಗುವ ಬಟ್ಟೆಯ ಜೇಬಿನಲ್ಲಿ ಏನೂ ಉಳಿದಿರಬಾರದು. ಇದರಲ್ಲಿ ಶಟರಿನ ಇನ್ನೊಂದು ಬೀಗದ ಕೈ ಇತ್ತು.

"ಅಮ್ಮಾ, ಇದು..."

"ಬೀಗದ ಕೈ ಇದ್ದವರು ಯಾರಾದ್ರೂ ಕರೀಲಿ ಅಂತ ಕಾಯಬೇಕಾಗಿಲ್ಲ. ಅಷ್ಟೇ. ಈಗ ಹೊರಡು, ಗಿರಾಕಿಗಳು ಬರೋ ಹೊತ್ತು."

ನಾಳೆ ಮಧ್ಯಾಹ್ನ ಗೋದಾಮಿಗೆ ಹೋಗಲು ಡಾಕ್ಟರು ಕಾರು ತರುತ್ತೇನೆ ಎಂದು ಹೇಳಿ ಕಳಿಸಿದ್ದಾರೆ. ಬರುವುದಿಲ್ಲ ಎಂದು ನಾನು ಹೇಳಿಲ್ಲ. ಅವರು ಮತ್ತೆ ಒಗೆಯಲು ಕೊಟ್ಟಿದ್ದ ಬಿಳಿ ಕೋಟಿಗೆ ಗಂಜಿ ಹಾಕಿ ಇಟ್ಟಿದ್ದೇನೆ.

ಮಗಳು ಬೀದಿಯ ತಿರುವಿನ ತನಕ ಹೋಗಿದ್ದಳು. ನೋಡಿದರೆ ಕೋಟಿನ ಕಾಲರು ಒಂದು ಕಡೆ ಒಳಕ್ಕೆ ಮಡಚಿಕೊಂಡಿತ್ತು. ಇಸ್ತ್ರಿ ಎಂದು ಹೆಸರಿಟ್ಟುಕೊಂಡು ಊರೆಲ್ಲ ಹಾಗೆ ತಿರುಗಿದರೆ ಅಂಗಡಿಯ ಮಾನ ಏನಾಗಬೇಕು? ಕರೆದು, ಸರಿಮಾಡಿ ಕಳಿಸಿದೆ.